ಗೋಡೆಗೆ ದರ ಇದೆ, ಕೂಲಿಗೆ ಇಲ್ಲ

ಮಾನ್ಯ ಸಂಪಾದಕರಿಗೆ,

ಮಿರಗ (ಮೃಗಶಿರಾ ಮಳೆ) ಹತ್ತಿರ ಬಂತೆಂದರೆ ನದಿ ಸೀಮೆಯ ತಾಲ್ಲೂಕು ಕಚೇರಿಗಳಲ್ಲಿ ಪ್ರವಾಹ ಮುಂಜಾಗ್ರತೆಯ ಸಭೆಗಳು ನಡೆಯುತ್ತವೆ. ಬೋಟು ಎಷ್ಟಿವೆ, ಹಗ್ಗ ಎಷ್ಟಿದೆ, ಯಾವ ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆಯಬೇಕು ಎಂದೆಲ್ಲ ಪಟ್ಟಿ ಆಗುತ್ತದೆ. (ಮೊದಲು ಗಂಜಿ ಕೇಂದ್ರ ಎನ್ನುತ್ತಿದ್ದರು. ಹೆಸರು ಬದಲಾಯಿತು, ಒಳಗಿನ ಅನ್ನ-ಸಾರು ಅದೇ.) ಈ ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ನೀರು ಬಂದಾಗ ಜೀವ ಉಳಿಸುವುದನ್ನು ನಮ್ಮ ಆಡಳಿತ ತಕ್ಕಮಟ್ಟಿಗೆ ಕಲಿತಿದೆ. ನೀರು ಇಳಿದ ಮೇಲೆ ದುಡ್ಡನ್ನು ಮೊದಲು ಯಾರ ಕೈಗೆ ಹಾಕಬೇಕು ಎಂಬುದನ್ನು ಮಾತ್ರ ಇನ್ನೂ ಕಲಿತಿಲ್ಲ.

2019ರ ಆಗಸ್ಟ್‌ನಲ್ಲಿ ನಾನು ಗೋಕಾಕ ತಾಲ್ಲೂಕಿನ ಘಟಪ್ರಭಾ ದಂಡೆಯ ಊರೊಂದರಲ್ಲಿ ಶಿಕ್ಷಕನಾಗಿದ್ದೆ. ಲೋಳಸೂರ ಸೇತುವೆ ನೀರಿನಲ್ಲಿ ಮುಳುಗಿತ್ತು. ನಮ್ಮ ಶಾಲೆಯ ಕೋಣೆಗಳಲ್ಲಿ ಜನ ಮಲಗಿದ್ದರು, ಅಂಗಳದಲ್ಲಿ ಅವರ ಎಮ್ಮೆಗಳು. ಹತ್ತು-ಹನ್ನೆರಡು ದಿನದಲ್ಲಿ ನೀರು ಸರಿಯಿತು, ಸಮೀಕ್ಷೆ ಶುರುವಾಯಿತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಕೇಂದ್ರದ ನಿಯಮದ ಪ್ರಕಾರ ಪೂರ್ತಿ ಬಿದ್ದ ಮನೆಗೆ ಸಿಗುತ್ತಿದ್ದುದು 95,100 ರೂಪಾಯಿ. ರಾಜ್ಯ ಸರ್ಕಾರ ಅದನ್ನು 5 ಲಕ್ಷಕ್ಕೆ ಏರಿಸಿತು. ಇದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಪ್ರತಿ ಕುಟುಂಬಕ್ಕೂ ತುರ್ತು ಪರಿಹಾರವೆಂದು 10 ಸಾವಿರ ಕೊಟ್ಟರು. ಅದರಲ್ಲಿ ಬಟ್ಟೆ-ಪಾತ್ರೆಗೆಂದು ಕೇಂದ್ರದ ಲೆಕ್ಕ 3,800, ಉಳಿದದ್ದು ರಾಜ್ಯದ್ದು.

ಇನ್ನು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿಯ ಲೆಕ್ಕ ಕೇಳಿ. ಬಾಡಿಗೆ ಕೋಣೆ, ಹೊಲದ ಕೂಲಿ. ಮನೆ ಬೀಳಲಿಲ್ಲ, ಬಿದ್ದಿದ್ದರೂ ಪರಿಹಾರ ಮಾಲೀಕನಿಗೆ. ಹೊಲ ಇಲ್ಲ, ಹಾಗಾಗಿ ಬೆಳೆ ಹಾನಿ ಇಲ್ಲ. ಎಮ್ಮೆ ಇಲ್ಲ. 10 ಸಾವಿರ ಬಂತು, ಅದು ಅಂಗಡಿಯ ಉದ್ರಿಗೂ ಅಕ್ಕಿ-ಎಣ್ಣೆಗೂ ಒಂದೂವರೆ ತಿಂಗಳಲ್ಲಿ ಕರಗಿತು. ಕಬ್ಬು ವಾರಗಟ್ಟಲೆ ನೀರಲ್ಲಿ ನಿಂತು ಕೊಳೆತಿದ್ದರಿಂದ ಕಳೆ ತೆಗೆಯುವ ಕೆಲಸವಿಲ್ಲ, ರವದಿ (ಕಬ್ಬಿನ ಒಣ ಎಲೆ) ಸುಲಿಯುವ ಕೆಲಸವಿಲ್ಲ. ದಸರೆ ರಜೆ ಮುಗಿದು ಶಾಲೆ ತೆರೆದಾಗ ಆ ಹುಡುಗಿ ಬರಲಿಲ್ಲ. ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋದ ತಾಯಿಯ ಜತೆ ಹೋಗಿದ್ದಳು, ತಮ್ಮನನ್ನು ನೋಡಿಕೊಳ್ಳಲು. ಆ ವರ್ಷದ ನನ್ನ ಹಾಜರಿ ಪುಸ್ತಕದಲ್ಲಿ ಇಂಥ ಹನ್ನೆರಡು ಹೆಸರುಗಳಿದ್ದವು. ಸಮೀಕ್ಷೆ ಮಾಡಿದವರು ಗೋಡೆ ಎಣಿಸಿದರು. ಹಾಜರಿ ಪುಸ್ತಕ ಕೇಳಿದ್ದರೆ ಊರಿನ ನಿಜವಾದ ನಷ್ಟ ಅದರಲ್ಲೇ ಸಿಗುತ್ತಿತ್ತು.

ನಿಯಮಗಳನ್ನು ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಆಗಿನ ದರದಲ್ಲಿ ಸತ್ತ ಎಮ್ಮೆಗೆ 30 ಸಾವಿರ, ಕುರಿ-ಮೇಕೆಗೆ 3 ಸಾವಿರ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800, ನೀರಾವರಿಗೆ 13,500, ಅದೂ 2 ಹೆಕ್ಟೇರಿನವರೆಗೆ. ಎಕರೆಗೆ ಲೆಕ್ಕ ಹಾಕಿದರೆ ಒಣಬೇಸಾಯದವನಿಗೆ ಸುಮಾರು 2,750 ರೂಪಾಯಿ. ರಾಜ್ಯ ಮೇಲೆ ಸೇರಿಸಿ ಕೊಟ್ಟಿತು, ನಿಜ. ಆದರೆ ಯಾರಿಗೆ? ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದ್ದವನಿಗೆ. ನಮ್ಮ ಕಡೆ ಹೊಲವನ್ನು ಲಾವಣಿ (ಗೇಣಿ) ಹಾಕಿಕೊಂಡು ಬೀಜ, ಗೊಬ್ಬರ, ಬೆವರು ಸುರಿದವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಗಾಯರಾಣದಲ್ಲಿ (ಸರ್ಕಾರಿ ಗೋಮಾಳದಲ್ಲಿ) ಮನೆ ಕಟ್ಟಿಕೊಂಡವರ ಪಾಡೂ ಅಷ್ಟೆ, ಅಣ್ಣ-ತಮ್ಮಂದಿರ ಜಂಟಿ ಖಾತೆಯ ಮನೆಯವರ ಪಾಡು ಇನ್ನೊಂದು ಬಗೆ.

ರಾಮದುರ್ಗದ ನೇಕಾರರನ್ನು ಕೇಳಿ ನೋಡಿ. ಮಲಪ್ರಭಾ ನುಗ್ಗಿದಾಗ ಕುಣಿ ಮಗ್ಗಗಳ ತಗ್ಗುಗಳೆಲ್ಲ ಕೆಸರು ತುಂಬಿಕೊಂಡವು. ಕೇಂದ್ರದ ಆಗಿನ ನಿಯಮದಲ್ಲಿ ಕೈಮಗ್ಗದ ಉಪಕರಣಕ್ಕೆ 4,100, ಹಾಳಾದ ನೂಲು-ಬಟ್ಟೆಗೆ 4,100. ಮಗ್ಗ ಒಣಗಿ ಮತ್ತೆ ಹಾಸು ಹೂಡುವವರೆಗೆ ಮನೆ ನಡೆಯುವುದು ಹೇಗೆ ಎಂಬ ಪ್ರಶ್ನೆಗೆ ಆ ಎರಡು ದರಗಳಲ್ಲಿ ಉತ್ತರವಿಲ್ಲ. ನಾನೇನೂ ಎಮ್ಮೆಯ ವಿರೋಧಿಯಲ್ಲ. ವಸ್ತುವಿಗೆ ಬೆಲೆ ಕಟ್ಟುವ ಸರ್ಕಾರ ನಿಂತುಹೋದ ದುಡಿಮೆಗೆ ತಕ್ಕ ಬೆಲೆ ಕಟ್ಟುವುದಿಲ್ಲವಲ್ಲ, ಅದಷ್ಟೇ ನನ್ನ ದೂರು.

ಆ ವರ್ಷ ರಾಜ್ಯ ಹೇಳಿದ ಒಟ್ಟು ನಷ್ಟ ಸುಮಾರು 35 ಸಾವಿರ ಕೋಟಿ. ಕೇಂದ್ರದ ನಿಯಮಕ್ಕೆ ಹೊಂದಿಸಿ ಕೇಳಿದ್ದು 3,818 ಕೋಟಿ. ಅಕ್ಟೋಬರಿನಲ್ಲಿ ಮೊದಲ ಕಂತಾಗಿ ಬಂದದ್ದು 1,200 ಕೋಟಿ. ಇಷ್ಟು ಕಡಿಮೆ ಬಂತೆಂದು ನಾವೆಲ್ಲ ದಿಲ್ಲಿಯನ್ನು ಬೈದೆವು, ಬೈಯಬೇಕಾದದ್ದೇ. ಆದರೆ ಕೊರತೆಯ ಕಾಲದಲ್ಲೇ ಅಲ್ಲವೇ ಯಾವುದು ಮೊದಲು, ಯಾವುದು ಆಮೇಲೆ ಎಂದು ಯೋಚಿಸಬೇಕಾದದ್ದು? ಅದರ ಬದಲು ನಮ್ಮಲ್ಲಿ ಮೊದಲು ಕೇಳಿಸುವುದು ಜೆಸಿಬಿ ಸದ್ದು. ಊರ ಹಾದಿಯ ಹೂಳು ತೆಗೆಯಲು ಜೆಸಿಬಿ, ಬಾವಿ ದಂಡೆ ಕೆದರಲು ಜೆಸಿಬಿ, ಶಾಲೆಯ ಅಂಗಳಕ್ಕೂ ಜೆಸಿಬಿ. ಸಾಲಾಗಿ ಕಟ್ಟೆಯ ಮೇಲೆ ಕುಳಿತು ಅದನ್ನು ನೋಡುತ್ತಿದ್ದವರು ಕೆಲಸವಿಲ್ಲದ ಕೂಲಿಗಳು! ಆಗ ನರೇಗಾದ ದಿನಗೂಲಿ 249 ರೂಪಾಯಿ. ವಿಕೋಪಪೀಡಿತ ಪ್ರದೇಶದಲ್ಲಿ 100 ದಿನದ ಮೇಲೆ ಇನ್ನೂ 50 ದಿನ ಕೆಲಸ ಕೊಡುವ ಅವಕಾಶವಿತ್ತು. ಆ 50 ದಿನದ ಕೂಲಿಯೇ 12,450 ರೂಪಾಯಿ. ಹೂಳು ಕೈಯಿಂದ ತೆಗೆದರೆ ತಡವಾಗುತ್ತದೆ ಎನ್ನಬಹುದು. ಮುಖ್ಯ ರಸ್ತೆ, ಸೇತುವೆಗೆ ಯಂತ್ರ ಬರಲಿ, ಬೇಡವೆನ್ನುವುದಿಲ್ಲ. ಹೊಲದ ಬದು, ಹಳ್ಳದ ದಂಡೆ, ಮನೆಯೊಳಗಿನ ಕೆಸರು ಇವಕ್ಕೆ ಕೈಗಳು ಸಾಕು, ಕೈಗಳು ಇದ್ದವು ಕೂಡ. ಯೋಜನೆಯ ಹೆಸರು ಏನೇ ಇರಲಿ, ನೀರಿಳಿದ ವಾರದಲ್ಲೇ ಹಾಜರಿ ಪಟ್ಟಿ ತೆರೆಯಬೇಕು, ಕೂಲಿ ವಾರಕ್ಕೊಮ್ಮೆ ಕೈ ಸೇರಬೇಕು.

ಬರೀ ಕಟ್ಟಡದಿಂದ ಬಡತನ ಹೋಗುವುದಿಲ್ಲ ಎಂಬುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ 2009ರದ್ದು. ಆ ವರ್ಷ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ ಉತ್ತರ ಕರ್ನಾಟಕದ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ದಾನಿಗಳ ನೆರವು ಪಡೆದು ‘ಆಸರೆ’ ಹೆಸರಿನಲ್ಲಿ ಹೊಸ ಊರುಗಳನ್ನೇ ಕಟ್ಟಿದರು. ಮನಸ್ಸು ಒಳ್ಳೆಯದಿತ್ತು. ಆದರೆ ದನ ಕಟ್ಟಲು ಜಾಗವಿಲ್ಲದ, ಹೊಲದಿಂದ ದೂರದ, ಅತ್ತೆ-ಸೊಸೆ-ಮೈದುನ ಎಲ್ಲರೂ ಹಿಡಿಯದ ಆ ಪುಟ್ಟ ಮನೆಗಳಿಗೆ ಅನೇಕರು ಹೋಗಲೇ ಇಲ್ಲ. ಹೋದವರಲ್ಲಿ ಕೆಲವರು ವಾಪಸ್ ಬಂದರು. ಎಷ್ಟೋ ಕಡೆ ಬಾಗಿಲು-ಕಿಟಕಿ ಕಳುವಾಗಿ ಜಾಲಿಕಂಟಿ ಬೆಳೆಯಿತು. ಹತ್ತು ವರ್ಷದ ಮೇಲೆ ಮತ್ತೆ ನೀರು ಬಂದಾಗ ಅವರು ಹಳೇ ಊರಲ್ಲೇ ಇದ್ದರು. ಜನ ಹಟಮಾರಿಗಳು ಎಂದು ಅಧಿಕಾರಿಗಳು ಗೊಣಗಿದರು. ದುಡಿಮೆ ಇರುವ ಕಡೆ ಮನುಷ್ಯ ಇರುತ್ತಾನೆ, ಇದರಲ್ಲಿ ಹಟ ಎಲ್ಲಿ ಬಂತು?

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಭೂಕುಸಿತದಲ್ಲಿ ಕೊಚ್ಚಿಹೋದಾಗ ಕೇರಳ ಸರ್ಕಾರ ಮಾಡಿದ ಒಂದು ಕೆಲಸ ನನಗೆ ಹಿಡಿಸಿತು. ತುರ್ತಿಗೆ 10 ಸಾವಿರ ಕೊಟ್ಟಿತು, ಅದು 2019ರಲ್ಲಿ ನಮ್ಮಲ್ಲೂ ಇತ್ತು. ಅದರ ಜತೆಗೆ, ದುಡಿಮೆ ಕಳೆದುಕೊಂಡ ಪ್ರತಿ ಕುಟುಂಬದ ಇಬ್ಬರು ವಯಸ್ಕರಿಗೆ ದಿನಕ್ಕೆ 300 ರೂಪಾಯಿಯಂತೆ 30 ದಿನ ಕೊಡುವುದಾಗಿ ಘೋಷಿಸಿತು. ಮನೆಗೆ ತಿಂಗಳಿಗೆ 18 ಸಾವಿರ. ಉತಾರ ಕೇಳಲಿಲ್ಲ, ಗೋಡೆ ಅಳೆಯಲಿಲ್ಲ. ನಮ್ಮ ಸರ್ಕಾರವೂ ಉದಾರವಾಗಿ ಅಲ್ಲಿನವರಿಗೆ 100 ಮನೆ ಕಟ್ಟಿಸಿಕೊಡುವುದಾಗಿ ಹೇಳಿತು. ನೋಡಿ, ಪಕ್ಕದ ರಾಜ್ಯದ ಕಷ್ಟಕ್ಕೂ ನಮಗೆ ಮೊದಲು ಹೊಳೆದದ್ದು ಮನೆಯೇ.

ದುಡ್ಡು ಎಲ್ಲಿಂದ, ಹಂಚುವುದು ಹೇಗೆ ಎಂದು ಕೇಳುವವರಿಗೆ ಉತ್ತರ ನಮ್ಮ ಹತ್ತಿರವೇ ಇದೆ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ನಡೆಯುತ್ತಿದೆ. ಪಡಿತರ ಚೀಟಿಯ ಪ್ರಕಾರ ಮನೆಯೊಡತಿ ಯಾರು, ಅವಳ ಖಾತೆ ಯಾವುದು ಎಂಬುದು ಸರ್ಕಾರಕ್ಕೆ ಗೊತ್ತು. ಆದಾಯ ತೆರಿಗೆ ಕಟ್ಟುವ ಮನೆಗಳನ್ನು ಆ ಪಟ್ಟಿ ಆಗಲೇ ಬಿಟ್ಟಿದೆ. ಬಾಡಿಗೆಯವಳೂ ಅದರಲ್ಲಿದ್ದಾಳೆ, ಲಾವಣಿಯವನ ಹೆಂಡತಿಯೂ ಇದ್ದಾಳೆ. ಪ್ರವಾಹಪೀಡಿತವೆಂದು ಘೋಷಿಸಿದ ಊರುಗಳಲ್ಲಿ ಆರು ತಿಂಗಳು ಗೃಹಲಕ್ಷ್ಮಿಯ ತಿಂಗಳ 2 ಸಾವಿರವನ್ನು 4 ಸಾವಿರ ಮಾಡಿದರೆ, ಒಂದು ಲಕ್ಷ ಕುಟುಂಬಗಳಿಗೆ ತಗಲುವ ಹೆಚ್ಚುವರಿ ಖರ್ಚು 120 ಕೋಟಿ. ಹೊಸ ಸಮೀಕ್ಷೆ ಬೇಡ, ಮಧ್ಯವರ್ತಿ ಬೇಡ. ಈಗಿರುವ ಕಂತೇ ತಿಂಗಳುಗಟ್ಟಲೆ ತಡವಾಗುತ್ತದಲ್ಲ ಎಂದು ನೀವು ನಗಬಹುದು. ಹೌದು, ಆ ರೋಗವನ್ನು ಮೊದಲು ವಾಸಿ ಮಾಡಬೇಕು. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯನ್ನು ಹಂಚಿದಾಗ ತುರ್ತು ಪರಿಹಾರಕ್ಕೆ ಶೇ 40, ಚೇತರಿಕೆ ಮತ್ತು ಪುನರ್‌ನಿರ್ಮಾಣಕ್ಕೆ ಶೇ 30, ಸನ್ನದ್ಧತೆಗೆ 10, ಅಪಾಯ ತಗ್ಗಿಸುವುದಕ್ಕೆ 20 ಎಂದು ಗೆರೆ ಎಳೆದಿತ್ತು. ಚೇತರಿಕೆ ಎಂಬ ಪದ ಅಲ್ಲಿ ಮೊದಲು ಇದೆ. ನಾವು ಓದುವಾಗ ಅದನ್ನು ಹಾರಿಸಿ ಪುನರ್‌ನಿರ್ಮಾಣಕ್ಕೆ, ಅಂದರೆ ಸಿಮೆಂಟಿಗೆ ಹೋಗುತ್ತೇವೆ.

ಕೈಗೆ ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎನ್ನುವವರ ಜತೆ ವಾದ ಮಾಡುವ ವಯಸ್ಸು ನನ್ನದಲ್ಲ. ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಕಂಡಿದ್ದೇನೆ. ಮೊದಲ ತಿಂಗಳು ಉದ್ರಿ, ಎರಡನೇ ತಿಂಗಳು ಕಿವಿಯೋಲೆ ಗಿರವಿ, ಮೂರನೇ ತಿಂಗಳು ಸಂಘದ ಸಾಲ, ಅಂದರೆ ಮೈಕ್ರೊಫೈನಾನ್ಸಿನ ಕಿರುಸಾಲ. ಆ ಸಾಲದ ವಾರದ ಕಂತಿಗೆ ಇನ್ನೊಂದು ಸಂಘದ ಸಾಲ. 2025ರ ಫೆಬ್ರುವರಿಯಲ್ಲಿ ಕಿರುಸಾಲದ ಕಿರುಕುಳ ತಡೆಯಲು ರಾಜ್ಯ ಸುಗ್ರೀವಾಜ್ಞೆ ತರಬೇಕಾಯಿತು. ವಸೂಲಿಗೆ ಬಂದವನನ್ನು ತಡೆಯುವುದು ಸರಿಯೇ. ಆ ಹೆಂಗಸು ಮೊದಲ ಸಲ ಸಾಲದ ಅರ್ಜಿಗೆ ಹೆಬ್ಬೆಟ್ಟು ಒತ್ತಿದ ದಿನ ಸರ್ಕಾರ ಎಲ್ಲಿತ್ತು ಎಂದೂ ಕೇಳಬೇಕಲ್ಲವೇ?

ಈ ಸಲದ ಮುಂಜಾಗ್ರತಾ ಸಭೆಯಲ್ಲಿ ಬೋಟು, ಹಗ್ಗ, ಟಾರ್ಚಿನ ಪಟ್ಟಿಯ ಜತೆಗೆ ಇನ್ನೊಂದು ಪಟ್ಟಿಯನ್ನೂ ಗ್ರಾಮ ಪಂಚಾಯಿತಿಗಳಿಂದ ತರಿಸಿಕೊಳ್ಳಲಿ. ನದಿದಂಡೆಯ ಪ್ರತಿ ಊರಿನಲ್ಲಿ ಬಾಡಿಗೆಗಿರುವವರು ಎಷ್ಟು, ಲಾವಣಿ ಮಾಡುವವರು ಎಷ್ಟು, ಕೂಲಿಯನ್ನೇ ನಂಬಿದವರು ಎಷ್ಟು. ಮಳೆಗೆ ಮುಂಚೆಯೇ ಬರೆದಿಟ್ಟುಕೊಳ್ಳಲಿ. ನೀರಿಳಿದ ಮೇಲೆ ಹುಡುಕಿಕೊಂಡು ಹೋದರೆ ಅವರು ಊರಲ್ಲಿ ಸಿಗುವುದಿಲ್ಲ.

ಇತಿ,
ಒಬ್ಬ ನಿವೃತ್ತ ಶಿಕ್ಷಕ
ಗೋಕಾಕ ತಾಲ್ಲೂಕು, ಬೆಳಗಾವಿ ಜಿಲ್ಲೆ