ಟರ್ಫ್ ಹಾಸೋಕ್ ಮುಂಚೆ ಕೆಳಗಿನ ಕೆಲಸ ನೋಡಿ

ಮಾನ್ಯ ಸಂಪಾದಕರೇ,

ಈಗ ತಾಲ್ಲೂಕು ಮಟ್ಟದಲ್ಲೂ ಸಿಂಥೆಟಿಕ್ ಟರ್ಫ್, ಅಂದ್ರೆ ಪ್ಲಾಸ್ಟಿಕ್ ಎಳೆಯ ಕೃತಕ ಹುಲ್ಲಿನ ಹಾಸು, ಬೇಕು ಅನ್ನೋ ಬೇಡಿಕೆ ಜೋರಾಗಿದೆ, ಬರಲಿ, ನಾನು ಬೇಡ ಅನ್ನಲ್ಲ. ಹಾಕಿಯಲ್ಲಂತೂ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಶುರುವಾಗಿ ಈಗ ದೊಡ್ಡ ಆಟ ಎಲ್ಲಾ ಟರ್ಫ್ ಮೇಲೇ, ಮಣ್ಣಲ್ಲಿ ಆಡಿ ಬೆಳೆದ ನಮ್ಮ ಕೊಡಗಿನ ಹುಡುಗರಿಗೆ ಟರ್ಫ್ ಸಿಗ್ಲೇಬೇಕು. ಆದ್ರೆ ಹಣ ಮಂಜೂರು ಮಾಡೋರೂ ಉದ್ಘಾಟನೆಗೆ ಬರೋರೂ ಮೇಲಿನ ಹಸಿರು ನೋಡ್ತಾರೇ ಹೊರತು ಅದರ ಕೆಳಗೆ ಏನಿದೆ ಅಂತ ಯಾರೂ ಕೇಳಲ್ಲ, ಅದೇ ನನ್ನ ಸಂಕಟ.

ನಮ್ಮ ಕಡೆ ಒಂದು ಮೈದಾನದಲ್ಲಿ ಹಳೇ ಕಾಂಕ್ರೀಟ್ ಮೇಲೇ ಟರ್ಫ್‌ನ ಕಾರ್ಪೆಟ್ ಅಂಟಿಸಿಬಿಟ್ರು. ಮೊದಲ ಮಳೆಗಾಲದಲ್ಲೇ ಗೋಲ್ ಮುಂದೆ ನೀರು ನಿಂತು, ಜಾಯಿಂಟ್‌ಗಳ ಅಂಟು ಬಿಟ್ಟು, ಎಳೆಗಳ ನಡುವೆ ತುಂಬಿದ್ದ ಕಪ್ಪು ರಬ್ಬರ್ ಪುಡಿ ತೇಲ್ಕೊಂಡು ಹೋಗಿ ಚರಂಡಿ ಸೇರ್ತು. ಈಗ ಅಲ್ಲಿ ಬೆರಳಲ್ಲಿ ಎಳೆ ಬಿಡಿಸಿ ನೋಡಿದ್ರೆ ಬುಡದಲ್ಲಿ ಮರಳೂ ಇಲ್ಲ ರಬ್ಬರೂ ಇಲ್ಲ, ಎಳೆಗಳೆಲ್ಲ ಒಂದೇ ಕಡೆ ಮಲಗಿವೆ, ಡೈವ್ ಹೊಡೆದ ಗೋಲ್‌ಕೀಪರ್ ಹುಡುಗನ ಮೊಣಕೈ ಚರ್ಮ ಕಿತ್ತು ಬರುತ್ತೆ.

ಸರಿಯಾಗಿ ಮಾಡೋದಾದ್ರೆ ಮೊದ್ಲು ಮಣ್ಣು ರೋಲರ್ ಹೊಡೆದು ಗಟ್ಟಿ ಮಾಡ್ಬೇಕು, ನೀರು ಹರಿಯೋ ಹಾಗೆ ಸ್ವಲ್ಪ ಇಳಿಜಾರು ಕೊಡ್ಬೇಕು, ತೂತಿನ ಪೈಪ್ ಹಾಕಿ ಮೇಲೆ ದಪ್ಪ ಜಲ್ಲಿ ಆಮೇಲೆ ಸಣ್ಣ ಜಲ್ಲಿ ಹಾಸ್ಬೇಕು, ಅದರ ಮೇಲೆ ಶಾಕ್ ಪ್ಯಾಡ್, ಅಂದ್ರೆ ಬಿದ್ದ ಪೆಟ್ಟು ಹೀರೋ ಮೆತ್ತನೆ ಪದರ, ಆಮೇಲೆ ಕಾರ್ಪೆಟ್. ಎಲ್ಲರೂ ಉಳಿಸೋಕ್ ನೋಡೋದು ಈ ಶಾಕ್ ಪ್ಯಾಡ್ ದುಡ್ಡನ್ನೇ, ಮಕ್ಕಳ ಮೊಣಕಾಲು ಕಾಯೋದೂ ಅದೇ. ಇನ್ನು ಕಾರ್ಪೆಟ್ಟೂ ಎಲ್ಲಾ ಆಟಕ್ಕೂ ಒಂದೇ ಅಲ್ಲ, ಫುಟ್‌ಬಾಲ್‌ಗೆ 40ರಿಂದ 60 ಎಂಎಂ ಉದ್ದದ ಪಾಲಿಥಿಲೀನ್ ಎಳೆ, ಒಳಗೆ ಮರಳು, ಮೇಲೆ ರಬ್ಬರ್. ದೊಡ್ಡ ಮಟ್ಟದ ಹಾಕಿಗೆ 12 ಎಂಎಂ ಆಸುಪಾಸಿನ ಗಿಡ್ಡ ಎಳೆ, ಒತ್ತಾಗಿರ್ಬೇಕು, ಒಳಗೆ ಏನೂ ತುಂಬಲ್ಲ, ಆಟಕ್ಕೆ ಮುಂಚೆ ನೀರು ಹೊಡೀಬೇಕು. ಒಂದೇ ಟರ್ಫ್‌ನಲ್ಲಿ ಹಾಕಿ ಫುಟ್‌ಬಾಲ್ ಎರಡೂ ಆಡಿಸ್ತೀವಿ ಅಂತ ಯಾರಾದ್ರೂ ಹೇಳಿದ್ರೆ ಎರಡೂ ಆಟ ಸರಿಯಾಗಿ ನಡೆಯಲ್ಲ ಅಂತಾನೇ ತಿಳ್ಕೊಳ್ಳಿ.

ಆ ರಬ್ಬರ್ ವಿಷಯಕ್ಕೆ ಬಂದ್ರೆ, ಅದು ಸಾಮಾನ್ಯವಾಗಿ ಹಳೇ ಟೈರ್ ಅರೆದು ಮಾಡಿದ್ದು. ಬಿಸಿಲಲ್ಲಿ ಕಾದು ಟರ್ಫ್ 60 ಡಿಗ್ರಿ ದಾಟೋದೂ ಉಂಟು, ಬಳ್ಳಾರಿ ರಾಯಚೂರು ಕಡೆ ಏಪ್ರಿಲ್ ಮಧ್ಯಾಹ್ನ ಮಕ್ಕಳನ್ನ ಅದರ ಮೇಲೆ ಓಡಿಸ್ಲೇಬಾರ್ದು. ಯುರೋಪಿಯನ್ ಯೂನಿಯನ್ ಇಂಥ ಪ್ಲಾಸ್ಟಿಕ್ ರಬ್ಬರ್ ಪುಡಿ ಮೈಕ್ರೋಪ್ಲಾಸ್ಟಿಕ್ (ತೀರಾ ಸಣ್ಣ ಪ್ಲಾಸ್ಟಿಕ್ ಚೂರು) ಆಗಿ ನೀರು ಮಣ್ಣು ಸೇರುತ್ತೆ ಅಂತ 2023ರಲ್ಲೇ ನಿಯಮ ತಂದು 2031ರಿಂದ ಮೈದಾನಕ್ಕೆ ಮಾರೋದನ್ನೇ ನಿಲ್ಲಿಸ್ತಿದೆ. ನಾವಿಲ್ಲಿ ಪುಡಿ ಹೊರಗೆ ಹೋಗದ ಹಾಗೆ ಸುತ್ತ ಒಂದು ಗಿಡ್ಡ ಕಟ್ಟೆ, ಚರಂಡಿ ಬಾಯಿಗೊಂದು ಜಾಲರಿ ಕೂಡ ಹಾಕ್ತಿಲ್ಲ.

ಕ್ರೀಡಾ ಇಲಾಖೆಗೆ ನನ್ನ ಮನವಿ ಇಷ್ಟೇ. ಜಲ್ಲಿ, ಪೈಪ್, ಶಾಕ್ ಪ್ಯಾಡ್ ಎಷ್ಟು ದಪ್ಪ ಅಂತ ಟೆಂಡರ್‌ನಲ್ಲೇ ಬರೀರಿ, ಪ್ರತಿ ಪದರದ ಫೋಟೋ ತೆಗೆದು ಮೈದಾನದ ಬೋರ್ಡ್ ಮೇಲೆ ಹಾಕ್ಸಿ, ಒಂದು ಮಳೆಗಾಲ ಕಳೆದ್ಮೇಲೆ ಕೊನೇ ಬಿಲ್ ಕೊಡಿ, ಎಂಟು ಹತ್ತು ವರ್ಷಕ್ಕೆ ಸವೆದುಹೋದ ಕಾರ್ಪೆಟ್ ಯಾರು ಎತ್ಕೊಂಡು ಹೋಗಿ ಏನ್ಮಾಡ್ಬೇಕು ಅನ್ನೋದೂ ಅದೇ ಕರಾರಿನಲ್ಲಿ ಇರ್ಲಿ.

ಇಂತಿ,
ಒಬ್ಬ ದೈಹಿಕ ಶಿಕ್ಷಕ