ಯಾವ ಕೋರ್ಟ್ ಎಂದೂ ಬರೆಯಿರಿ

ಮಾನ್ಯ ಸಂಪಾದಕರೇ,

ಅಮೆರಿಕದ ವೀಸಾ ಸುದ್ದಿಗಳಲ್ಲಿ ಬರೀ ‘ಅಮೆರಿಕ ಕೋರ್ಟ್ ತಡೆ’ ಎಂದು ಬರೆದರೆ ಸಾಲದು, ಯಾವ ಕೋರ್ಟ್ ಎಂಬುದನ್ನೂ ಹೇಳಬೇಕು. ಅಲ್ಲಿ ರಾಜ್ಯಗಳ ಕೋರ್ಟುಗಳೇ ಬೇರೆ, ಫೆಡರಲ್, ಅಂದರೆ ಕೇಂದ್ರದ ಕೋರ್ಟುಗಳೇ ಬೇರೆ. ವೀಸಾ, ಪೌರತ್ವದ ಕಾನೂನು ಫೆಡರಲ್ ಸರ್ಕಾರದ್ದು. ಫೆಡರಲ್ ವ್ಯವಸ್ಥೆಯಲ್ಲಿ 94 ಜಿಲ್ಲಾ ಕೋರ್ಟುಗಳಿವೆ. ಅವುಗಳ ಮೇಲೆ 13 ಮೇಲ್ಮನವಿ ಕೋರ್ಟುಗಳು. ಎಲ್ಲಕ್ಕೂ ಮೇಲೆ 9 ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್. ಕೆಳಗಿನ ಕೋರ್ಟ್ ಇವತ್ತು ಕೊಟ್ಟ ತಡೆಯಾಜ್ಞೆಯನ್ನು ಮೇಲಿನ ಕೋರ್ಟ್ ನಾಳೆ ತೆಗೆದುಹಾಕಬಹುದು.

ನಮ್ಮ ಬೀದಿಯ ಹಿರಿಯರೊಬ್ಬರು ಇಂಥದ್ದೊಂದು ಸುದ್ದಿ ಓದಿ ಗಾಬರಿಯಾದರು. ಪೇಪರ್ ಕೈಯಲ್ಲಿ ಹಿಡಿದೇ ಡಲ್ಲಾಸ್‌ನಲ್ಲಿರುವ ಮಗನಿಗೆ ಫೋನ್ ಮಾಡಿದರು. ಇಲ್ಲಿ ಮಟಮಟ ಮಧ್ಯಾಹ್ನ, ಅಲ್ಲಿ ನಡುರಾತ್ರಿ. ಅದು ಜಿಲ್ಲಾ ಕೋರ್ಟಿನ ತಾತ್ಕಾಲಿಕ ಆದೇಶ ಅಷ್ಟೇ, ಮೇಲ್ಮನವಿ ಇನ್ನೂ ಬಾಕಿ ಇದೆ ಎಂದು ನಿದ್ದೆಗಣ್ಣಲ್ಲೇ ಮಗ ಬಿಡಿಸಿ ಹೇಳಿದ ಮೇಲೆ ಅವರಿಗೆ ಸಮಾಧಾನವಾಯಿತು. ಆ ಒಂದು ಸಾಲು ಸುದ್ದಿಯಲ್ಲೇ ಇರಬೇಕಿತ್ತು ಅಲ್ವಾ? ಮಕ್ಕಳನ್ನು ಅಷ್ಟು ದೂರ ಕಳಿಸಿ ಇಲ್ಲಿ ಒಂಟಿಯಾಗಿರುವ ತಂದೆ ತಾಯಿ ಇಂಥ ಸುದ್ದಿಯನ್ನು ಅಕ್ಷರ ಬಿಡದೆ ಓದುತ್ತಾರೆ.

ಇಂಥ ವರದಿಯ ಪಕ್ಕದಲ್ಲಿ ಒಂದು ಸಣ್ಣ ಬಾಕ್ಸ್ ಹಾಕಿ. ತೀರ್ಪು ಕೊಟ್ಟ ಕೋರ್ಟ್ ಯಾವುದು, ಆದೇಶ ತಾತ್ಕಾಲಿಕವೋ ಅಂತಿಮವೋ, ಮೇಲ್ಮನವಿಗೆ ದಾರಿ ಇದೆಯೋ ಎಂಬುದನ್ನು ಅದರಲ್ಲಿ ತಿಳಿಸಿ.

– ಓದುಗರೊಬ್ಬರು, ಶಿವಮೊಗ್ಗ