ಚಿಕ್ಕಪ್ಪನ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಮುಗಿಸಬೇಡ

ಪ್ರೀತಿಯ ತಂಗಿಗೆ ವಂದನೆಗಳು.

ಚಿಕ್ಕಮ್ಮನ ಸಾವಿನ ಬಗ್ಗೆ ನೀನು ಬರೆದು ಕಳಿಸಿದ ಬರಹ ಓದಿದೆ. ಚೆನ್ನಾಗಿದೆ ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ಹೇಳುವುದು ಸ್ವಲ್ಪ ಖಾರವಾಗಿರಬಹುದು. ನಿನ್ನ ಚಿಕ್ಕಮ್ಮ ಆಸ್ಪತ್ರೆ ಬಿಲ್ಲಿನ ಹಿಂದೆ ಮಕ್ಕಳ ಸ್ಕೂಲ್ ಫೀಸಿನ ಲೆಕ್ಕ ಬರೆದಿಟ್ಟಿದ್ದರು ಅನ್ನುವ ಕಡೆ ನಾನು ಸುಮ್ನೆ ಕೂತುಬಿಟ್ಟೆ. ಯಾವ ಕಂತು ಕಟ್ಟಿದೆ, ಯಾವುದು ಬಾಕಿ, ಯೂನಿಫಾರ್ಮಿಗೆ ಎಷ್ಟು ಎತ್ತಿಡಬೇಕು. ತಾನು ಉಳಿಯುವುದಿಲ್ಲ ಅಂತ ಆಕೆಗೆ ಗೊತ್ತಿತ್ತು, ಅಲ್ವಾ? ಅದನ್ನು ನೀನು ಬಾಯಿಬಿಟ್ಟು ಹೇಳಲಿಲ್ಲ, ಲೆಕ್ಕವನ್ನಷ್ಟೇ ತೋರಿಸಿದೆ. ಓದುವವರಿಗೆ ಅಷ್ಟು ಸಾಕು.

ಮುಂದಿನ ಪ್ಯಾರಾದಲ್ಲಿ ಚಿಕ್ಕಪ್ಪ ಬರುತ್ತಾರೆ. ಮಣ್ಣು ಮಾಡಿ ಬಂದ ಮೇಲೆ ಅವರು ಚರ್ಚಿಗೆ ಹೋಗುವುದನ್ನೇ ಬಿಟ್ಟರು, ಮನೆಗೆ ಬಂದವರನ್ನು 'ಅಷ್ಟು ಜನ ಉಪವಾಸ ಪ್ರಾರ್ಥನೆ ಮಾಡಿದಿರಲ್ಲ, ಏನಾಯ್ತು?' ಅಂತ ಕೇಳಿದರು. ಅದಕ್ಕೆ ನಿನ್ನ ಉತ್ತರ ಒಂದೇ ಸಾಲು: ಚಿಕ್ಕಪ್ಪನ ನಂಬಿಕೆ ಬಲವಾಗಿರಲಿಲ್ಲ, ದೇವರ ಚಿತ್ತ ಯಾವಾಗಲೂ ಒಳ್ಳೆಯದೇ. ಅಲ್ಲಿಗೆ ಬರಹ ಮುಗಿಸಿಬಿಟ್ಟೆ. ನನ್ನ ತಕರಾರು ಇರುವುದೇ ಅಲ್ಲಿ. ಬುದ್ಧಿ, ಭಾವನೆ, ನಂಬಿಕೆ ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಜಾಗ ಕೊಡಬೇಕು ಅಂತ ಪತ್ರದಲ್ಲಿ ಕೇಳಿದ್ದೀಯ. ಆ ಪ್ರಶ್ನೆಗೂ ಚಿಕ್ಕಪ್ಪನ ಪ್ರಶ್ನೆಗೂ ಸಂಬಂಧ ಇದೆ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆ. ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೀಯ, ಗೊತ್ತು. ಆದರೂ ಬರೆಯುವವಳ ಕಣ್ಣಿನಿಂದ ಒಂದು ಸಲ ಓದು. ಲಾಜರನಿಗೆ ಕಾಯಿಲೆ ಅಂತ ಅವನ ಅಕ್ಕತಂಗಿಯರಾದ ಮಾರ್ಥ, ಮರಿಯ ಯೇಸುವಿಗೆ ಹೇಳಿ ಕಳಿಸುತ್ತಾರೆ. ಯೇಸು ತಕ್ಷಣ ಹೊರಡುವುದಿಲ್ಲ, ಇದ್ದಲ್ಲೇ ಇನ್ನೂ ಎರಡು ದಿನ ಇರುತ್ತಾನೆ. ಅವರ ಊರಾದ ಬೇಥಾನ್ಯಕ್ಕೆ ಬರುವ ಹೊತ್ತಿಗೆ ಲಾಜರ ಸಮಾಧಿಯಲ್ಲಿ ನಾಲ್ಕು ದಿನ ಕಳೆದಿದ್ದಾನೆ. ಮೊದಲು ಮಾರ್ಥ ಎದುರು ಬರುತ್ತಾಳೆ. ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಆಮೇಲೆ ಮರಿಯ ಬರುತ್ತಾಳೆ, ಕಾಲಿಗೆ ಬೀಳುತ್ತಾಳೆ, ಅವಳೂ ಅದೇ ಮಾತನ್ನು ಹೇಳುತ್ತಾಳೆ. ಬಹುಶಃ ಆ ನಾಲ್ಕು ದಿನ ಮನೆಯೊಳಗೆ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿದ್ದ ಮಾತೇ ಅದು.

ಒಂದೇ ಮಾತು, ಆದರೆ ಸಿಕ್ಕಿದ ಉತ್ತರ ಎರಡು. ಮಾರ್ಥಳ ಜೊತೆ ಯೇಸು ಮಾತಿಗೆ ನಿಲ್ಲುತ್ತಾನೆ. ಪುನರುತ್ಥಾನದ ವಿಷಯ ಹೇಳುತ್ತಾನೆ, ಇದನ್ನು ನಂಬುತ್ತೀಯಾ ಅಂತ ಕೇಳುತ್ತಾನೆ, ಅವಳು ಯೋಚಿಸಿ ಉತ್ತರ ಕೊಡುತ್ತಾಳೆ. ಮರಿಯಳಿಗೆ ಅಂಥ ಬೋಧನೆ ಏನೂ ಇಲ್ಲ. ಅವನನ್ನು ಎಲ್ಲಿಟ್ಟಿದ್ದೀರಿ ಅಂತ ಕೇಳುತ್ತಾನೆ, ಅಷ್ಟೇ. ಆಮೇಲೆ ಅಳುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರ ಎದ್ದು ಬರುತ್ತಾನೆ ಅಂತ ಚೆನ್ನಾಗಿ ಗೊತ್ತಿದ್ದವನು ಅಳುತ್ತಾನೆ! ಉತ್ತರ ಗೊತ್ತಿದೆ ಅನ್ನುವ ಕಾರಣಕ್ಕೆ ಅವನು ಅಳುವನ್ನು ಬಿಟ್ಟು ಮುಂದೆ ಹೋಗಲಿಲ್ಲ. ಅಳು ಬಂತು ಅಂತ ಮಾರ್ಥಳಿಗೆ ಕೊಡಬೇಕಾದ ಉತ್ತರವನ್ನೂ ತಪ್ಪಿಸಲಿಲ್ಲ. ನೀನು ಕೇಳಿದ ಮೂರೂ ಈ ಅಧ್ಯಾಯದಲ್ಲಿ ಇವೆ, ಯಾವುದೂ ಇನ್ನೊಂದರ ಬಾಯಿ ಮುಚ್ಚಿಸುವುದಿಲ್ಲ.

ಅಲ್ಲಿ ನಿಂತಿದ್ದ ಕೆಲವರು, ಕುರುಡನ ಕಣ್ಣು ತೆರೆದವನಿಗೆ ಈ ಮನುಷ್ಯ ಸಾಯದ ಹಾಗೆ ಮಾಡಲು ಆಗುತ್ತಿರಲಿಲ್ಲವೇ ಅಂತ ಕೇಳುತ್ತಾರೆ. ನಿನ್ನ ಚಿಕ್ಕಪ್ಪ ಕೇಳಿದ್ದೂ ಹೆಚ್ಚುಕಮ್ಮಿ ಅದೇ. ಯೋಹಾನ ಆ ಪ್ರಶ್ನೆಯನ್ನು ಅಳಿಸಿ ಹಾಕಲಿಲ್ಲ, ಹಾಗೇ ಬರೆದಿಟ್ಟ. ಕೊನೆಗೆ ಕಲ್ಲು ತೆಗೆಯಿರಿ ಅಂದಾಗ ಮಾರ್ಥ ಏನು ಹೇಳಿದಳು ನೋಡು. ನಾಲ್ಕು ದಿನ ಆಯಿತು, ನಾತ ಬರುತ್ತದೆ ಅಂದಳು. ಅವಳ ಬುದ್ಧಿ ಆಗಲೂ ಕೆಲಸ ಮಾಡುತ್ತಿತ್ತು. ಆದರೂ ಕಲ್ಲು ತೆಗೆದರು. ನಂಬಿಕೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಜಾಗವನ್ನೇ ತೋರಿಸುತ್ತೇನೆ. ನಾತ ಬರುತ್ತದೆ ಅಂತ ಗೊತ್ತಿದ್ದೂ ಅವನ ಮಾತಿನ ಮೇಲೆ ಕಲ್ಲಿಗೆ ಕೈ ಹಾಕುವುದು.

ಹಾಗಾಗಿ ನಂಬಿಕೆಯನ್ನು ಬುದ್ಧಿ ಸೋತ ಕಡೆ ತುಂಬುವ ಸಾಮಾನಿನ ಹಾಗೆ ಬಳಸಬೇಡ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನೊಂದ ಯೋಬನ ಸ್ನೇಹಿತರು ಅದನ್ನೇ ಮಾಡಿದರು. ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು, ಅದು ಅವರು ಮಾಡಿದ ಒಳ್ಳೆಯ ಕೆಲಸ. ಆಮೇಲೆ ಬಾಯಿ ತೆರೆದು ದೇವರ ಪರವಾಗಿ ವಾದ ಶುರು ಮಾಡಿದರು, ನಿನ್ನಲ್ಲೇ ಏನೋ ತಪ್ಪಿದೆ ಅಂದರು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಅವರ ಮೇಲೆ. ಅಷ್ಟೆಲ್ಲ ದೂರಿದ ಯೋಬನ ಮಾತೇ ಸರಿ ಅನ್ನುತ್ತಾನೆ. ನಮ್ಮ ಕನ್ನಡ ಕ್ರೈಸ್ತ ಪತ್ರಿಕೆಗಳಿಗೆ, ವಾಟ್ಸಾಪ್ ಗುಂಪುಗಳಿಗೆ ಬರೆಯುವವರು ಆ ಅಧ್ಯಾಯವನ್ನು ಆಗಾಗ ಓದಿಕೊಳ್ಳಬೇಕು. ನಂಬಿಕೆ ಕಡಿಮೆ ಅಂತ ನೊಂದವನ ಮೇಲೆ ಹೊರಿಸುವುದು ಬಹಳ ಸುಲಭ. ಹೆಂಡತಿಯನ್ನು ಕಳೆದುಕೊಂಡವನಿಗೆ ಆ ಒಂದು ಸಾಲು ಎಷ್ಟು ಭಾರ ಅಂತ ಯೋಚಿಸು.

ಇನ್ನೊಂದು ಮಾತು, ಇದನ್ನು ಬರೆಯಲೇಬೇಕು. ನಿನ್ನ ಬರಹದ ನಡುವೆ ಒಬ್ಬರ ಸಾಕ್ಷಿ ಬರುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು, ಪ್ರಾರ್ಥನೆಯಿಂದ ಗುಣವಾದರು ಅಂತ. ಇದನ್ನು ನೀನು ಯಾರಿಂದ ಕೇಳಿದೆ? ಅವರ ರಿಪೋರ್ಟ್ ನೋಡಿದ್ದೀಯಾ? ಈಗ ಅವರ ಶುಗರ್ ಎಷ್ಟಿದೆ? ಲೂಕನು ತನ್ನ ಸುವಾರ್ತೆಯ ಮೊದಲಲ್ಲೇ, ಎಲ್ಲವನ್ನೂ ಬುಡದಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಅಂತ ಹೇಳುತ್ತಾನೆ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅವನನ್ನು ವೈದ್ಯ ಅಂತ ಕರೆದಿದೆ. ಪೌಲನ ಶಿಷ್ಯ ತಿಮೊಥೆಯನಿಗೆ ಪದೇ ಪದೇ ಹುಷಾರು ತಪ್ಪುತ್ತಿದ್ದಾಗ, ಬರೀ ನೀರು ಕುಡಿಯಬೇಡ, ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಪೌಲ ಬರೆದ. ನಂಬಿಕೆ ಸಾಲದು ಅಂತ ಅವನನ್ನು ಗದರಿಸಲಿಲ್ಲ. ದೇವರು ಗುಣಪಡಿಸುತ್ತಾನೆ ಅಂತ ನಾನೂ ನಂಬುತ್ತೇನೆ, ಅದಕ್ಕಾಗಿ ಪ್ರಾರ್ಥಿಸುತ್ತೇನೆ. ಆದರೆ ನಿನ್ನ ಬರಹ ಓದಿ ಯಾವುದೋ ಹಳ್ಳಿಯ ಒಬ್ಬ ತಾಯಿ ಇನ್ಸುಲಿನ್ ನಿಲ್ಲಿಸಿಬಿಟ್ಟರೆ? ಆ ಪ್ಯಾರಾ ತೆಗೆದುಬಿಡು. ಇಲ್ಲವಾದರೆ ಹೋಗಿ ವಿಚಾರಿಸು, ಡಾಕ್ಟರ ಹತ್ತಿರ ಕೇಳು, ಸಿಕ್ಕಿದ್ದನ್ನು ಸಿಕ್ಕಷ್ಟೇ ಬರೆ. ವಿಚಾರಿಸಿ ಬರೆಯುವುದು ಅಪನಂಬಿಕೆ ಅಂತ ಯಾರಾದರೂ ಅಂದರೆ ಲೂಕನ ಮೊದಲ ನಾಲ್ಕು ವಚನ ತೋರಿಸು.

ಬುದ್ಧಿಯ ಪರವಾಗಿ ಇಷ್ಟು ಹೇಳಿದೆ ಅಂತ ನಾನು ಭಾವನೆಗೆ ವಿರೋಧಿ ಅಂದುಕೊಳ್ಳಬೇಡ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೆಸರು ನೀನು ಗಣಿತದಲ್ಲಿ, ಫಿಸಿಕ್ಸಿನಲ್ಲಿ ಓದಿರುತ್ತೀಯ. ಇಪ್ಪತ್ತು ತುಂಬುವ ಮೊದಲೇ, ತೆರಿಗೆ ಲೆಕ್ಕದಲ್ಲಿ ಮುಳುಗಿದ್ದ ಅಪ್ಪನಿಗೆ ಅನುಕೂಲವಾಗಲಿ ಅಂತ ಲೆಕ್ಕ ಮಾಡುವ ಯಂತ್ರ ಕಟ್ಟಲು ಕೂತವನು. 1662ರಲ್ಲಿ ಅವನು ತೀರಿಕೊಂಡ ಮೇಲೆ, ಅವನ ಕೋಟಿನ ಒಳಬಟ್ಟೆಯಲ್ಲಿ ಏನೋ ಹೊಲಿದಿಟ್ಟಿರುವುದು ಕೆಲಸದವನೊಬ್ಬನ ಕೈಗೆ ತಾಗಿತು. ಬಿಚ್ಚಿ ನೋಡಿದರೆ ಒಂದು ಬರಹ. ಮೇಲ್ಗಡೆ ತಾರೀಕು: 1654, ನವೆಂಬರ್ 23, ಸೋಮವಾರ. ಅದರ ಕೆಳಗೆ ಸಮಯ: ರಾತ್ರಿ ಸುಮಾರು ಹತ್ತೂವರೆಯಿಂದ ಹನ್ನೆರಡೂವರೆ ತನಕ. ಆಮೇಲೆ ಒಂದೇ ಪದ, ಬೆಂಕಿ. ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು, ಪಂಡಿತರ ದೇವರಲ್ಲ ಅಂತ ಮುಂದೆ ಇದೆ. ನಿಶ್ಚಯ, ನಿಶ್ಚಯ, ಭಾವ, ಆನಂದ, ಸಮಾಧಾನ ಅಂತ ಪದಗಳನ್ನು ಬರೀ ಪೋಣಿಸಿದ್ದಾನೆ. ಆನಂದದ ಕಣ್ಣೀರಿನ ಮಾತೂ ಇದೆ.

ಎಷ್ಟು ಅಪರೂಪದ ಬರಹ ನೋಡು. ಅಳುತ್ತಿದ್ದಾನೆ, ಆದರೆ ಟೈಮ್ ಬರೆದಿಟ್ಟಿದ್ದಾನೆ. ಆ ರಾತ್ರಿ ಆದದ್ದನ್ನು ಊರಿಗೆಲ್ಲ ಸಾರಲಿಲ್ಲ, ಸುಮಾರು ಎಂಟು ವರ್ಷ ಮೈಗೆ ಅಂಟಿಕೊಂಡ ಹಾಗೆ ಇಟ್ಟುಕೊಂಡ. ಗಣಿತವನ್ನೂ ಪೂರ್ತಿ ಬಿಡಲಿಲ್ಲ, 1658ರಲ್ಲಿ ಮತ್ತೆ ಒಂದು ದೊಡ್ಡ ಲೆಕ್ಕಕ್ಕೆ ಕೈ ಹಾಕಿದ. ಸಾಯುವ ವರ್ಷ ಪ್ಯಾರಿಸ್ಸಿನಲ್ಲಿ ಕಾಸು ಕೊಟ್ಟು ಹತ್ತಬಹುದಾದ ಕುದುರೆ ಗಾಡಿಗಳ ಸೇವೆ ಶುರು ಮಾಡಿಸಿದ, ಅದರಿಂದ ತನಗೆ ಬರುವ ದುಡ್ಡು ಬಡವರಿಗೆ ಹೋಗಲಿ ಅಂತ ಬಯಸಿದ. ಭಾವನೆ ಬಗ್ಗೆ ಬರೆಯುವಾಗ ನಿನಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು. ದಿನ, ಹೊತ್ತು, ಜಾಗ ಸರಿಯಾಗಿ ಹೇಳು. ಹೃದಯ ಉಕ್ಕಿ ಹರಿಯಿತು, ಕಣ್ಣೀರು ಕೋಡಿಯಾಯಿತು ಅನ್ನುವ ಸಾಲುಗಳನ್ನು ಹೊಡೆದುಹಾಕು. ಫೀಸಿನ ಲೆಕ್ಕದಲ್ಲಿ ನೀನು ಆಗಲೇ ಅದನ್ನು ಮಾಡಿದ್ದೀಯ.

ಆರಾಧನೆಯಲ್ಲಿ ಬರುವ ಕಣ್ಣೀರಿನ ಬಗ್ಗೆಯೂ ಕೇಳಿದ್ದೀಯ. ಕೀಬೋರ್ಡಿನವರು ಒಂದು ರಾಗ ಹಿಡಿದ ತಕ್ಷಣ ಅಳು ಬರುತ್ತದೆ, ಅದು ಪವಿತ್ರಾತ್ಮನ ಕೆಲಸವೋ ರಾಗದ ಕೆಲಸವೋ ಅಂತ. 1740ರ ಸುಮಾರಿಗೆ ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ದೊಡ್ಡ ಉಜ್ಜೀವನ ಆಯಿತು, ಅಂದರೆ ಜನ ಗುಂಪುಗುಂಪಾಗಿ ಭಕ್ತಿಗೆ ಎಚ್ಚೆತ್ತರು. ಜನ ಅತ್ತರು, ನಡುಗಿದರು, ಕೂಗಿದರು. ಆ ಉಜ್ಜೀವನದಲ್ಲಿ ಸ್ವತಃ ಪ್ರಸಂಗ ಮಾಡಿದ್ದ ಜೊನಾಥನ್ ಎಡ್ವರ್ಡ್ಸ್ 1746ರಲ್ಲಿ ಇದರ ಬಗ್ಗೆ ಒಂದು ಇಡೀ ಪುಸ್ತಕ ಬರೆದ. ಭಾವನೆ ಜೋರಾಗಿದೆ ಅನ್ನುವುದು ದೇವರ ಕೆಲಸಕ್ಕೆ ಸಾಕ್ಷಿಯಲ್ಲ, ದೇವರ ಕೆಲಸ ಅಲ್ಲ ಅನ್ನುವುದಕ್ಕೂ ಸಾಕ್ಷಿಯಲ್ಲ ಅಂತ ಅವನ ವಾದ. ಭಾವನೆ ಇಲ್ಲದ ಭಕ್ತಿಯೂ ಅವನಿಗೆ ಬೇಡ. ಬದುಕಿನಲ್ಲಿ ಏನು ಫಲ ಬಂತು ನೋಡಿ ಅಂದ. ಅದೇ ಎಡ್ವರ್ಡ್ಸ್ ಮನೆಯಲ್ಲಿ ಗುಲಾಮರಿದ್ದರು ಅನ್ನುವುದನ್ನೂ ಮರೆಯಬಾರದು, ಅವನ ಅಳತೆಗೋಲು ಅವನಿಗೂ ಬೇಕು. ನಮಗೂ ಬೇಕು. ಭಾನುವಾರ ಕೈ ಎತ್ತಿ ಅಳುವವರು ಸೋಮವಾರ ಮಗಳ ಸಂಬಂಧ ನೋಡುವಾಗ ಜಾತಿ ಕೇಳಿದರೆ, ಆ ಅಳುವಿನ ಬಗ್ಗೆ ನೀನು ಬರೆಯಬೇಕಾದದ್ದು ಬಹಳ ಇದೆ.

ಅಳುವೇ ಬಾರದವರೂ ಇದ್ದಾರೆ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ ಲೋಕವೇ ಬೆರಗಾಯಿತು. ಹಲವು ದಶಕ ಅವರಿಗೆ ದೇವರು ಹತ್ತಿರ ಇದ್ದಾನೆ ಅನ್ನಿಸಿಯೇ ಇರಲಿಲ್ಲ. ಆದರೂ ಕೋಲ್ಕತ್ತದ ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ನಿನ್ನ ಓದುಗರಲ್ಲಿ ಇಂಥವರು ನೀನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇರುತ್ತಾರೆ. ಪ್ರಾರ್ಥನೆಗೆ ಕೂತರೆ ಏನೂ ಅನ್ನಿಸುವುದಿಲ್ಲ, ಹಾಗಂತ ಯಾರ ಹತ್ತಿರವೂ ಹೇಳಿಕೊಳ್ಳಲು ಧೈರ್ಯ ಇಲ್ಲ. ಅವರಿಗೋಸ್ಕರವೂ ಬರೆ. ಅವರಿಗೆ ಬೈಬಲಿನ 88ನೇ ಕೀರ್ತನೆ ಇದೆ ಅಂತ ಹೇಳು. ಹೆಚ್ಚಿನ ದುಃಖದ ಕೀರ್ತನೆಗಳು ಎಲ್ಲೋ ಒಂದು ಕಡೆ ಸ್ತೋತ್ರದ ಕಡೆಗೆ ತಿರುಗುತ್ತವೆ. ಇದು ಕೊನೆಯವರೆಗೂ ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ದೇವಜನರು ಹಾಡುವ ಪುಸ್ತಕದಿಂದ ತೆಗೆಯಲಿಲ್ಲ. ಕತ್ತಲೆಯಲ್ಲಿ ಕೂತು ದೇವರನ್ನೇ ದೂರುವುದೂ ಪ್ರಾರ್ಥನೆ ಅಂತ ಒಪ್ಪಿಕೊಂಡರು.

ಓದಿನ ವಿಷಯ ಒಂದು ಮಾತು. ಬೈಬಲ್ ಜೊತೆಗೆ ಕನ್ನಡ ಓದು. ವಚನ, ಕೀರ್ತನೆ, ಹಳೆಗನ್ನಡ, ಕಥೆ, ಕಾದಂಬರಿ ಎಲ್ಲ. ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯಿಂದ ಸುವಾರ್ತೆ ಸಾರಲು ಬಂದವರು. ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಬೇಕು ಅಂತ ಹೊರಟರು. ಹಳೆಯ ಕನ್ನಡ ಪಂಡಿತರು ಬರೆದ ವ್ಯಾಕರಣ, ಛಂದಸ್ಸುಗಳನ್ನು ಕೂತು ಸಂಪಾದಿಸಿದರು, 1894ರಲ್ಲಿ ಆ ದೊಡ್ಡ ನಿಘಂಟು ಕೊಟ್ಟರು. ಇಷ್ಟೆಲ್ಲ ಪಾಂಡಿತ್ಯದಿಂದ ಅವರ ಭಕ್ತಿ ಕಡಿಮೆಯಾಗಲಿಲ್ಲ. ಬುದ್ಧಿಯಿಂದ ದುಡಿಯುವುದೂ ದೇವರನ್ನು ಪ್ರೀತಿಸುವ ಒಂದು ದಾರಿ. ಪೂರ್ಣ ಬುದ್ಧಿಯಿಂದ ಪ್ರೀತಿಸಬೇಕು ಅಂತ ಯೇಸುವೇ ಹೇಳಿದ್ದಾನಲ್ಲ.

ಈಗ ನಿನ್ನ ಬರಹಕ್ಕೆ ಬಾ. ಚಿಕ್ಕಪ್ಪನ ಪ್ಯಾರಾ ಹೊಸದಾಗಿ ಬರೆ. ಅವರು ಕೇಳಿದ ಪ್ರಶ್ನೆಯನ್ನು ಅವರ ಮಾತಲ್ಲೇ ಪೂರ್ತಿ ಇಡು, ಅವರ ಸಿಟ್ಟಿಗೆ ಒಂದು ಚೂರೂ ನೀರು ಬೆರೆಸಬೇಡ. ನಿನಗೆ ಉತ್ತರ ಇದ್ದರೆ ಹೇಳು, ಇಲ್ಲದಿದ್ದರೆ ಇಲ್ಲ ಅಂತ ಬರೆ. ನೀನು ಯಾಕೆ ಇನ್ನೂ ಪ್ರಾರ್ಥಿಸುತ್ತೀಯ ಅಂತಲೂ ಬರೆ, ಅದು ನಿನ್ನ ನಿಜವಾದ ಮಾತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆಮೇಲೆ ಎಲ್ಲಿಗೂ ಕಳಿಸುವ ಮೊದಲು ಒಂದು ಸಂಜೆ ಅವರ ಮನೆಗೆ ಹೋಗಿ ಓದಿ ತೋರಿಸು. ಹೆಂಡತಿಯ ಸಾವು ಮೊದಲು ಅವರದು, ಆಮೇಲೆ ನಿನ್ನ ಬರಹದ್ದು. ಫೀಸಿನ ಲೆಕ್ಕ ಹಾಕಬಹುದಾ ಅಂತ ಕೇಳು. ಅವರು ಬೇಡ ಅಂದರೆ, ಅದು ಎಷ್ಟು ಒಳ್ಳೆಯ ಸಾಲಾದರೂ ಸರಿ, ತೆಗೆದುಬಿಡು. ಅವರೇ ಇನ್ನೇನಾದರೂ ಹೇಳಲು ಶುರು ಮಾಡಿದರೆ ಪೆನ್ನು ತೆಗೆಯಬೇಡ, ಕೇಳಿಸಿಕೋ. ಹೋಗಿ ಬಂದ ಮೇಲೆ ನನಗೆ ಕಾಗದ ಹಾಕು.

ನಿನ್ನ ಅಣ್ಣ